ಹಂಚಿನ ಒಳಮೈಯ ಬರಹ

ಮಂಗಳೂರಿನ ಹಳೆಯ ಮನೆಯೊಂದರ ಅಟ್ಟವನ್ನೇರಿ, ಪಕ್ಕಾಸು ರೀಪುಗಳ ನಡುವೆ ತಲೆಯೆತ್ತಿ ಹಂಚುಗಳ ಒಳಮೈಯನ್ನು ದಿಟ್ಟಿಸಿದರೆ, ದಶಕಗಳ ಅಡುಗೆಯ ಹೊಗೆ ಬಳಿದ ಮಸಿಯ ಕೆಳಗೆ ಉಬ್ಬಕ್ಷರಗಳ ಸಾಲೊಂದು ಗೋಚರಿಸುತ್ತದೆ: ಕಾರ್ಖಾನೆಯ ಹೆಸರು, ಊರು, ಕೆಲವೊಮ್ಮೆ ಒಂದು ಇಸವಿ. ಕೂಲಿಯವರ ಕೈಗೆಲಸವನ್ನು ಸ್ಮರಿಸುವ ಶಾಸನಗಳು ವಿರಳವಾದ ನಮ್ಮ ನಾಡಿನಲ್ಲಿ, ಬಹುಪಾಲು ಅಳಿದುಹೋದ ಒಂದು ಮಹೋದ್ಯಮಕ್ಕೆ ಇದಕ್ಕಿಂತ ವಿಶ್ವಾಸಾರ್ಹವಾದ ಸಾಕ್ಷ್ಯ ದುರ್ಲಭವೆಂದೇ ನನ್ನ ಭಾವನೆ.

1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು, ಮತಾಂತರದಿಂದ ಕುಲಕಸುಬನ್ನೂ ಬಂಧುಗಳ ಆಶ್ರಯವನ್ನೂ ಕಳೆದುಕೊಂಡವರಿಗೆ ಜೀವನೋಪಾಯವನ್ನು ಕಲ್ಪಿಸಬೇಕಾಗಿ ಬಂದುದರಿಂದ, ಮುದ್ರಣ, ನೇಯ್ಗೆ ಮೊದಲಾದ ಕಸುಬುಗಳನ್ನು ಆರಂಭಿಸಿದರು. 1865ರಲ್ಲಿ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಆ ಸ್ಥಳದ ಆಯ್ಕೆ ಆಕಸ್ಮಿಕವಲ್ಲ. ನೇತ್ರಾವತಿಯ ದಡದಲ್ಲಿ ಉತ್ತಮವಾದ ಜೇಡಿಮಣ್ಣು ಯಥೇಚ್ಛವಾಗಿತ್ತು. ಸೌದೆಯನ್ನು ತರುವುದಕ್ಕೂ ಸಿದ್ಧವಾದ ಹಂಚನ್ನು ಬಂದರಿಗೆ ಒಯ್ಯುವುದಕ್ಕೂ ನದಿಯೇ ಹೆದ್ದಾರಿಯಾಗಿತ್ತು.

ಹದಗೊಳಿಸಿದ ಮಣ್ಣನ್ನು ಅಚ್ಚಿನ ಯಂತ್ರದಲ್ಲಿ ಒತ್ತಿ, ಅಂಚಿನ ಹೆಚ್ಚುವರಿ ಮಣ್ಣನ್ನು ಕತ್ತರಿಸಿ, ಬಿರುಕು ಬಿಡದಂತೆ ನೆರಳಿನಲ್ಲಿ ಹಲಗೆಗಳ ಮೇಲೆ ನಿಧಾನವಾಗಿ ಒಣಗಿಸಿ, ಆಮೇಲೆ ಭಟ್ಟಿಯಲ್ಲಿ ಸೌದೆಯುರಿಯಿಂದ ಸುಡುತ್ತಿದ್ದರು. ಈ ಹಂಚಿನ ಗುಣವೆಲ್ಲವೂ ಅದರ ಏಣು ಮತ್ತು ಗಾಡಿಗಳಲ್ಲಿ, ಅಂದರೆ ಉಬ್ಬುಗೆರೆ ಮತ್ತು ತಗ್ಗುಗೆರೆಗಳಲ್ಲಿ, ಇದೆ: ಒಂದರ ಅಂಚು ಇನ್ನೊಂದರ ಗಾಡಿಯಲ್ಲಿ ಕಚ್ಚಿ ಕೂರುವುದರಿಂದ ಕರಾವಳಿಯ ಜಡಿಮಳೆಯೂ ಒಳಗಿಳಿಯದು. ಒಂದರ ಮೇಲೊಂದು ದಟ್ಟವಾಗಿ ಹೊದಿಸಬೇಕಾದ ನಾಡಹಂಚಿಗಿಂತ ಮಾಡಿನ ಭಾರವೂ ಕಡಿಮೆ. ಮುಳಿಹುಲ್ಲಿನ ಮನೆಗಳಿಗಿದ್ದ ಬೆಂಕಿಯ ಭಯವಂತೂ ಇಲ್ಲವೇ ಇಲ್ಲ. ಹೀಗಾಗಿ ಮಂಗಳೂರು ಹಂಚು ಮುಂಬಯಿಗೂ, ಸಿಂಹಳ ಮತ್ತು ಪೂರ್ವ ಆಫ್ರಿಕದ ತೀರಗಳಿಗೂ ಹಡಗೇರಿತು. ಮಣ್ಣು ಹೊತ್ತು, ಹಸಿಹಂಚನ್ನು ಸಾಗಿಸಿ ದುಡಿದವರಲ್ಲಿ ಸ್ತ್ರೀಯರ ಸಂಖ್ಯೆ ಗಣನೀಯವಾಗಿತ್ತು. ಅವರ ಹೆಸರುಗಳು ಯಾವ ಹಂಚಿನ ಮೇಲೂ ಇಲ್ಲ.

ಹಂಚನ್ನು ಓದುವವರು ಒಂದು ವಿಷಯದಲ್ಲಿ ಎಚ್ಚರದಿಂದಿರಬೇಕು. ಬಾಸೆಲ್ ಮಿಷನ್ನಿನ ಹಂಚಿನ 1865, ಆಲ್ಬುಕರ್ಕ್ ಎಂಬ ಇನ್ನೊಂದು ಕಾರ್ಖಾನೆಯ 1868 ಆಯಾ ಸಂಸ್ಥೆಯು ಪ್ರಾರಂಭವಾದ ವರ್ಷಗಳೇ ಹೊರತು ಆ ಹಂಚು ತಯಾರಾದ ವರ್ಷಗಳಲ್ಲ. ಅವುಗಳಿಂದಲೇ ಮನೆಯ ವಯಸ್ಸನ್ನು ಎಣಿಸುವುದು ಸಲ್ಲದು. ಕಾಮನ್‌ವೆಲ್ತ್ ಎಂಬ ಹೆಸರಿದ್ದರೆ ಕಾಲನಿರ್ಣಯ ಸುಲಭ: ಮೊದಲನೆಯ ಮಹಾಯುದ್ಧದಲ್ಲಿ ಮಿಷನ್ನಿನ ಕಾರ್ಖಾನೆಗಳು ಬ್ರಿಟಿಷ್ ಸರ್ಕಾರದ ವಶವಾಗಿ, ಬಳಿಕ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದುದರಿಂದ, ಅಂಥ ಹಂಚು ಅದಕ್ಕಿಂತ ಹಿಂದಿನದಾಗಲಾರದು. ಆದರೂ ಮಾಡನ್ನು ದುರಸ್ತಿ ಮಾಡುವಾಗ ಹೊಸ ಹಂಚು ಸೇರಿರಬಹುದಾದ್ದರಿಂದ, ಒಂದೆರಡನ್ನು ಕಂಡು ತೀರ್ಮಾನಿಸದೆ ಹಲವನ್ನು ಹೋಲಿಸಿ ನೋಡಬೇಕು.

ಕಾಂಕ್ರೀಟಿನ ತಾರಸಿ ಬಂದಿತು, ಸೌದೆ ತುಟ್ಟಿಯಾಯಿತು, ಮಣ್ಣು ದೊರೆಯುವುದು ಕಷ್ಟವಾಯಿತು. ಹೆಚ್ಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಈಗ ಆ ಹಂಚಿನ ಮನೆಗಳೂ ಉರುಳುತ್ತಿವೆ. ನಿಮ್ಮ ಕೇರಿಯಲ್ಲಿ ಅಂಥದೊಂದು ಮನೆಯನ್ನು ಕೆಡವುತ್ತಿದ್ದರೆ, ಮಾಡಿನ ಯಾವ ಭಾಗದಲ್ಲಿ ಯಾವ ಹೆಸರಿನ ಹಂಚಿತ್ತೆಂಬುದನ್ನು ಬರೆದಿಡಿ, ಚಿತ್ರ ತೆಗೆದಿಡಿ. ಕಾರ್ಖಾನೆಯಲ್ಲಿ ದುಡಿದ ಹಿರಿಯರು ಯಾರಾದರೂ ಸಮೀಪದಲ್ಲಿದ್ದರೆ, ಮೊದಲು ಅವರ ಬಳಿಗೆ ಹೋಗಿ ಅವರ ಮಾತನ್ನು ಬರೆದುಕೊಳ್ಳಿ.