ಬೆಕ್ಕಿನ ಹಟವೋ, ಬೇನೆಯೋ?

ಬೆಕ್ಕಿನಷ್ಟು ಶುಚಿಯನ್ನು ಪಾಲಿಸುವ ಸಾಕುಪ್ರಾಣಿ ವಿರಳವೆಂಬುದನ್ನು ಅದನ್ನು ಸಾಕಿದವರೆಲ್ಲರೂ ಬಲ್ಲರು. ಮಣ್ಣು ಕೆದರಿ ಗುಳಿ ಮಾಡಿ, ಕೆಲಸ ಮುಗಿದ ಮೇಲೆ ಮುಚ್ಚಿ, ಮತ್ತೊಮ್ಮೆ ಮೂಸಿ ನೋಡಿ ಹೋಗುವ ಈ ಪ್ರಾಣಿ ಒಂದು ದಿನ ತನಗಾಗಿ ಇರಿಸಿದ ಮರಳಿನ ತಟ್ಟೆಯನ್ನು ಬಿಟ್ಟು ಹಾಸಿಗೆಯ ಮೇಲೆಯೋ, ಒಗೆದಿಟ್ಟ ಬಟ್ಟೆಯ ರಾಶಿಯ ಮೇಲೆಯೋ ಮೂತ್ರ ಮಾಡಿತೆಂದರೆ, ಮನೆಯವರಿಗೆ ಆಶ್ಚರ್ಯಕ್ಕಿಂತ ಮೊದಲು ಸಿಟ್ಟು ಬರುತ್ತದೆ. ‘ಒಂಟಿಯಾಗಿ ಬಿಟ್ಟು ಊರಿಗೆ ಹೋದೆವೆಂದು ಸೇಡು ತೀರಿಸಿಕೊಳ್ಳುತ್ತಿದೆ’ ಎನ್ನುವವರುಂಟು. ಅದರ ಮೂತಿಯನ್ನು ಒದ್ದೆಗೆ ತಿಕ್ಕಿ ಬುದ್ಧಿ ಕಲಿಸಹೊರಡುವವರುಂಟು. ಗೋಣಿಚೀಲದಲ್ಲಿ ಕಟ್ಟಿ ದೂರದ ಮಾರುಕಟ್ಟೆಯ ಬಳಿ ಬಿಟ್ಟು ಬರುವವರೂ ಉಂಟು. ಪಶುವೈದ್ಯರ ಅನುಭವ ಹೇಳುವುದೇ ಬೇರೆ. ಹೀಗೆ ಶಿಕ್ಷೆಗೆ ಒಳಗಾಗುವ ಬೆಕ್ಕುಗಳಲ್ಲಿ ಬಹಳಷ್ಟು ರೋಗದಿಂದಲೋ ಭಯದಿಂದಲೋ ನರಳುತ್ತಿರುತ್ತವೆ. ಕೆಲವಂತೂ ಸಾವಿನ ಅಂಚಿನಲ್ಲಿರುತ್ತವೆ.

ಇದನ್ನು ಅರಿಯಲು ಬೆಕ್ಕಿನ ವಂಶವನ್ನು ಸ್ವಲ್ಪ ನೆನೆಯಬೇಕು. ನಮ್ಮ ಮನೆಯ ಬೆಕ್ಕು ಆಫ್ರಿಕದ ಕಾಡುಬೆಕ್ಕಿನ ಸಂತತಿ. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಸಮಾಧಿಯ ಪಕ್ಕದಲ್ಲೇ ಹೂಳಲಾಗಿದ್ದ, ಸುಮಾರು 9,500 ವರ್ಷಗಳಷ್ಟು ಹಳೆಯ ಬೆಕ್ಕಿನ ಅಸ್ಥಿಪಂಜರವೊಂದರ ವಿವರ 2004ರಲ್ಲಿ ಪ್ರಕಟವಾಯಿತು. ಅಷ್ಟು ದೀರ್ಘವಾದ ಸಹವಾಸದಲ್ಲಿಯೂ ಬೆಕ್ಕು ತನ್ನ ಒಣನಾಡಿನ ಗುಣಗಳನ್ನು ಬಿಟ್ಟಿಲ್ಲ. ಅದು ನೀರು ಕುಡಿಯುವುದು ಕಡಿಮೆ. ಆದ್ದರಿಂದ ಅದರ ಮೂತ್ರ ಬಹಳ ಸಾಂದ್ರವಾದದ್ದು. ಸಡಿಲವಾದ, ನುಣುಪಾದ ಮರಳನ್ನು ಕಂಡರೆ ಅದರ ಕಾಲು ತಾನಾಗಿ ಕೆದರುತ್ತದೆ.

ಹಿತ್ತಲಿದ್ದ ಕಾಲದಲ್ಲಿ ಇದೊಂದು ಸಮಸ್ಯೆಯೇ ಆಗಿರಲಿಲ್ಲ. ಬಚ್ಚಲೊಲೆಯ ಬೂದಿ, ತೆಂಗಿನ ಮರದ ಪಾತಿ, ಯಾರೋ ಮನೆ ಕಟ್ಟಲು ತರಿಸಿದ ಮರಳಿನ ಗುಡ್ಡೆ – ಬೆಕ್ಕಿಗೆ ಬೇಕಾದಷ್ಟು ಸ್ಥಳಗಳಿದ್ದವು. ಅಮೆರಿಕದಲ್ಲಿಯೂ ಮನೆಯೊಳಗಿನ ಬೆಕ್ಕಿಗೆ ಬೂದಿಯನ್ನೋ ಮರಳನ್ನೋ ಇಡುತ್ತಿದ್ದರು. 1947ರಲ್ಲಿ ಮಿಷಿಗನ್ ರಾಜ್ಯದ ಎಡ್ವರ್ಡ್ ಲೋ ಎಂಬಾತ ನೀರು ಹೀರುವ ಜೇಡಿಮಣ್ಣಿನ ಹರಳುಗಳನ್ನು ಇದಕ್ಕೆಂದೇ ಮಾರಲು ತೊಡಗಿದ. ಇಂದು ಬೆಂಗಳೂರಿನ ಅಪಾರ್ಟ್‌ಮೆಂಟಿನ ಐದನೆಯ ಅಂತಸ್ತಿನಲ್ಲಿ, ಒಮ್ಮೆಯೂ ನೆಲದ ಮಣ್ಣನ್ನು ಮೆಟ್ಟದೆ ಬದುಕುವ ಬೆಕ್ಕಿಗೆ ಅಂಥ ಹರಳು ತುಂಬಿದ ಒಂದು ತಟ್ಟೆಯೇ ಹಿತ್ತಲು.

ತಟ್ಟೆಯ ಹೊರಗೆ ಮೂತ್ರ ಕಂಡಾಗ ಮೊದಲು ನೋಡಬೇಕಾದದ್ದು ಅದು ಬಿದ್ದ ಜಾಗವನ್ನು. ಬೆಕ್ಕು ನಿಂತುಕೊಂಡು, ಬಾಲವನ್ನೆತ್ತಿ ನಡುಗಿಸುತ್ತ, ಗೋಡೆಗೋ ಬಾಗಿಲಿಗೋ ಸಿಂಪಡಿಸಿದರೆ ಅದು ಗಡಿ ಗುರುತು. ಕಿಟಕಿಯಾಚೆ ಪರಬೆಕ್ಕು ಸುಳಿದಾಗ, ಮನೆಗೆ ಹೊಸ ಬೆಕ್ಕು ಬಂದಾಗ ಹೀಗಾಗುವುದುಂಟು. ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ಹತ್ತು ಗಂಡುಬೆಕ್ಕುಗಳಲ್ಲಿ ಸುಮಾರು ಒಂಬತ್ತು ಈ ಅಭ್ಯಾಸವನ್ನು ಬಿಡುತ್ತವೆ, ಇಲ್ಲವೇ ಬಹಳ ಕಡಿಮೆ ಮಾಡುತ್ತವೆ. ಹಾಗಲ್ಲದೆ, ಕುಕ್ಕುರುಗಾಲಿನಲ್ಲಿ ಕುಳಿತು ನೆಲದ ಮೇಲೆಯೋ ಹಾಸಿಗೆಯ ಮೇಲೆಯೋ ಮೂತ್ರ ಮಾಡಿದ್ದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು. ಆ ಹುಡುಕಾಟ ಪಶುವೈದ್ಯರಿಂದಲೇ ಆರಂಭವಾಗಬೇಕು.

ಕೃಷ್ಣದೇವರಾಯನ ಆಸ್ಥಾನದ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಎಲ್ಲರಿಗೂ ಗೊತ್ತು. ಕುದಿಯುವ ಹಾಲಿಗೆ ಒಮ್ಮೆ ಮೂತಿ ಸುಟ್ಟುಕೊಂಡ ಆ ಬೆಕ್ಕು ಮುಂದೆ ಹಾಲನ್ನು ಕಂಡರೆ ಓಡುತ್ತಿತ್ತು. ಮರಳಿನ ತಟ್ಟೆಯ ವಿಷಯದಲ್ಲಿ ನಡೆಯುವುದೂ ಇದೇ. ಮೂತ್ರಕೋಶದಲ್ಲಿ ಉರಿಯೋ ಹರಳೋ ಇರುವ ಬೆಕ್ಕಿಗೆ ತಟ್ಟೆಗೆ ಇಳಿದಾಗಲೆಲ್ಲ ನೋವಾಗುತ್ತದೆ. ನೋವು ತನ್ನ ಮೈಯೊಳಗಿನದೆಂದು ಅದಕ್ಕೆ ತಿಳಿಯದು. ತಟ್ಟೆಯೇ ಕಚ್ಚುತ್ತಿದೆಯೆಂದು ಭಾವಿಸಿ ಮೆತ್ತನೆಯ ಬೇರೆ ಜಾಗವನ್ನು ಅರಸುತ್ತದೆ. ಮುದಿಬೆಕ್ಕಿಗೆ ಮೂತ್ರಪಿಂಡದ ಕಾಯಿಲೆಯೋ ಸಕ್ಕರೆ ಕಾಯಿಲೆಯೋ ಬಂದು ಮೂತ್ರ ಹೆಚ್ಚಿದ್ದಿರಬಹುದು. ಕೀಲುನೋವಿನಿಂದ ತಟ್ಟೆಯ ಎತ್ತರದ ಅಂಚನ್ನು ದಾಟಲಾರದೆ ಹೋಗಿರಬಹುದು.

ಗಂಡುಬೆಕ್ಕಿನ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಅದರ ಮೂತ್ರನಾಳ ಬಹಳ ಕಿರಿದು. ಸಣ್ಣ ಹರಳಿನಿಂದಲೋ ಲೋಳೆಯಿಂದಲೋ ಅದು ಮುಚ್ಚಿಹೋದರೆ ಬೆಕ್ಕು ಮತ್ತೆ ಮತ್ತೆ ಕುಳಿತು ತಿಣುಕುತ್ತದೆ, ಕೂಗುತ್ತದೆ, ಆ ಭಾಗವನ್ನು ನೆಕ್ಕುತ್ತದೆ. ಒಂದೆರಡು ಹನಿಯ ಹೊರತು ಏನೂ ಬರುವುದಿಲ್ಲ. ಮಲಬದ್ಧತೆಯೆಂದು ತಿಳಿದು ಮನೆಮದ್ದು ಮಾಡುತ್ತ ಕೂಡುವ ಕಾಲವಲ್ಲ ಅದು. ರಕ್ತದಲ್ಲಿ ಪೊಟ್ಯಾಸಿಯಂ ಏರಿ, ಒಂದೆರಡು ದಿನಗಳಲ್ಲಿ ಹೃದಯ ನಿಂತುಹೋಗಬಹುದು. ಆ ಕ್ಷಣವೇ ವೈದ್ಯರಲ್ಲಿಗೆ ಒಯ್ಯಬೇಕು. ನೋವಿಗೆಂದು ಮನುಷ್ಯರ ಪ್ಯಾರಸಿಟಮಾಲ್ ಮಾತ್ರೆಯನ್ನು ಕೊಡಲೇಬಾರದು. ಅರ್ಧ ಮಾತ್ರೆಯೂ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ಎಷ್ಟೋ ಬೆಕ್ಕುಗಳಲ್ಲಿ ಹರಳೂ ಇರುವುದಿಲ್ಲ, ಸೋಂಕೂ ಇರುವುದಿಲ್ಲ; ಆದರೂ ಮೂತ್ರಕೋಶ ಉರಿಯುತ್ತಿರುತ್ತದೆ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಟೋನಿ ಬಫಿಂಗ್ಟನ್ ಮತ್ತು ಅವರ ಸಂಗಡಿಗರು ಇಂಥ ಬೆಕ್ಕುಗಳನ್ನು ಬಹುಕಾಲ ಅಭ್ಯಸಿಸಿದರು. ಮನಸ್ಸಿನ ಕಳವಳ ಈ ರೋಗವನ್ನು ಕೆರಳಿಸುತ್ತದೆಂಬುದು ಅವರ ತೀರ್ಮಾನ. ಅವರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 46 ಬೆಕ್ಕುಗಳ ಮನೆಯ ವಾತಾವರಣವನ್ನೇ ತಿದ್ದಲಾಯಿತು: ಅಡಗಲು ಮರೆ, ಏರಿ ಕೂಡಲು ಎತ್ತರದ ಜಾಗ, ಆಟ, ತಪ್ಪದ ದಿನಚರಿ. ರೋಗಲಕ್ಷಣಗಳು ಗಣನೀಯವಾಗಿ ಇಳಿದವು. ಯಜಮಾನ ಊರಿಗೆ ಹೋದಾಗ ಬೆಕ್ಕು ಆತನ ಹಾಸಿಗೆಯನ್ನೇ ಆರಿಸಿಕೊಳ್ಳುವುದರ ಹಿಂದೆಯೂ ಇಂಥ ಕಳವಳವಿರುತ್ತದೆ. ಆಗ ಅದನ್ನು ಹೊಡೆದರೆ ಭಯ ಹೆಚ್ಚುತ್ತದೆ, ಭಯದೊಡನೆ ರೋಗವೂ ಹೆಚ್ಚುತ್ತದೆ.

ವೈದ್ಯರು ರೋಗವಿಲ್ಲವೆಂದ ಮೇಲೆ ತಟ್ಟೆಯನ್ನು ಪರೀಕ್ಷಿಸಬೇಕು. ಮನೆಯಲ್ಲಿರುವ ಬೆಕ್ಕುಗಳಿಗಿಂತ ಒಂದು ತಟ್ಟೆ ಹೆಚ್ಚಿರಲಿ ಎಂಬುದು ತಜ್ಞರ ಸಲಹೆ. ಮೂಗಿನಿಂದ ಬಾಲದ ಬುಡದವರೆಗಿನ ಅಳತೆಯ ಒಂದೂವರೆಯಷ್ಟು ಉದ್ದದ ತಟ್ಟೆ ಬೇಕು. ಅದು ಊಟದ ಬಟ್ಟಲಿನಿಂದಲೂ, ಗಡಗಡಿಸುವ ಬಟ್ಟೆ ಒಗೆಯುವ ಯಂತ್ರದಿಂದಲೂ ದೂರವಿರಬೇಕು. ಪರಿಮಳ ಬೆರೆಸಿದ ಮರಳು ನಮಗೆ ಹಿತವಾದರೂ ಬೆಕ್ಕಿಗೆ ಹಿತವಲ್ಲ. ದಿನಕ್ಕೊಮ್ಮೆಯಾದರೂ ಕೊಳೆಯನ್ನು ತೆಗೆಯಲೇಬೇಕು.

ಒದ್ದೆಯಾದ ನೆಲವನ್ನು ನಮ್ಮಲ್ಲಿ ಫಿನಾಯಿಲಿನಿಂದ ಒರೆಸುವ ರೂಢಿಯಿದೆ. ಇದು ಅಪಾಯಕರ. ಫೀನಾಲ್ ಜಾತಿಯ ವಸ್ತುಗಳನ್ನು ನಿರ್ವಿಷಗೊಳಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಪಾದಕ್ಕೆ ಅಂಟಿದ್ದನ್ನು ಅದು ನೆಕ್ಕಿ ನುಂಗುತ್ತದೆ. ಬ್ಲೀಚಿಂಗ್ ಪುಡಿ ಮೂತ್ರದ ಅಮೋನಿಯದೊಡನೆ ಸೇರಿದರೆ ಉಸಿರಿಗೆ ಕೆಡುಕಾದ ಅನಿಲ ಹುಟ್ಟುತ್ತದೆ. ಮೂತ್ರದ ಅಂಶವನ್ನು ಒಡೆಯುವ ಕಿಣ್ವಗಳುಳ್ಳ ದ್ರಾವಣಗಳು ಈಗ ದೊರೆಯುತ್ತವೆ, ಅವೇ ಲೇಸು. ವಾಸನೆ ಉಳಿದರೆ ಬೆಕ್ಕು ಮತ್ತೆ ಅಲ್ಲಿಗೇ ಬರುತ್ತದೆ.

ಕಡೆಯದಾಗಿ ಒಂದು ಮಾತು. ಆರೋಗ್ಯವಂತ ಬೆಕ್ಕು ದಿನಕ್ಕೆ ಎರಡರಿಂದ ನಾಲ್ಕು ಬಾರಿ ಮೂತ್ರ ಮಾಡುತ್ತದೆ. ನೆಂದು ಗಟ್ಟಿಯಾದ ಮರಳಿನ ಉಂಡೆಗಳು ನಿನ್ನೆ ಎಷ್ಟಿದ್ದವು, ಇಂದು ಎಷ್ಟಿವೆ, ಗಾತ್ರ ಕುಗ್ಗಿತೇ, ಕೆಂಪು ಬಣ್ಣ ಕಂಡಿತೇ ಎಂಬುದನ್ನು ತಟ್ಟೆ ಶುಚಿಮಾಡುವ ಕೈ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಆ ಕೆಲಸವನ್ನು ಆಳಿಗೆ ಒಪ್ಪಿಸಿದವರೂ ಆಗಾಗ ತಾವೇ ಮಾಡುವುದು ಒಳ್ಳೆಯದು.