ಕಾರಿಗಿಂತ ಮೊದಲು ಊರು ಮುಟ್ಟಿದ ಸುಳ್ಳು

2018ರ ಜುಲೈ 13. ಹೈದರಾಬಾದಿನಿಂದ ಬೀದರ್ ಜಿಲ್ಲೆಗೆ ಬಂದಿದ್ದ ಗೆಳೆಯರು ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಗುಮಾನಿ ಎದ್ದು, ಅವರ ವಿಡಿಯೊ ವಾಟ್ಸ್‌ಆ್ಯಪ್ ಗುಂಪುಗಳಿಗೆ ಏರಿತು. ಕಾರು ಔರಾದ್ ಸೀಮೆಯ ಮುರ್ಕಿ ತಲುಪುವ ಹೊತ್ತಿಗೆ ಜನ ರಸ್ತೆ ಅಡ್ಡಗಟ್ಟಿ ಕಾದಿದ್ದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಹೊಡೆತಕ್ಕೆ ಬಲಿಯಾದ. ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು.

ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬ, ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯಲ್ಲಿ ಐವರು ಇದೇ ವದಂತಿಗೆ ಪ್ರಾಣ ತೆತ್ತಿದ್ದರು. ಆಗ ಹರಿದಾಡಿದ ಒಂದು ವಿಡಿಯೊದಲ್ಲಿ ಬೈಕ್ ಸವಾರರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತಯಾರಾದ ಜಾಗೃತಿ ಚಿತ್ರ. ಮೂಲದಲ್ಲಿ ಸವಾರರು ಹಿಂದಿರುಗಿ ಮಗುವನ್ನು ಒಪ್ಪಿಸಿ, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದರು. ಸುಳ್ಳು ಕಟ್ಟಲು ಹೊಸದೇನನ್ನೂ ಸೇರಿಸಬೇಕಾಗಲಿಲ್ಲ.

ಮದ್ದು ಹುಡುಕಿದವರೆಲ್ಲ ಮೊದಲು ಹಿಡಿದದ್ದು ವೇಗವನ್ನು. 2012ರ ಆಗಸ್ಟ್‌ನಲ್ಲಿ ವದಂತಿಗೆ ಬೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದಾಗ, ಕೇಂದ್ರ ಸರ್ಕಾರ ಒಮ್ಮೆಗೆ ಐದು ಎಸ್ಸೆಮ್ಮೆಸ್ ಎಂಬ ಮಿತಿ ಹಾಕಿತು. 2018ರಲ್ಲಿ ವಾಟ್ಸ್‌ಆ್ಯಪ್ ಕೂಡ ಭಾರತದಲ್ಲಿ ಫಾರ್ವರ್ಡ್ ಅನ್ನು ಐದಕ್ಕೆ ಇಳಿಸಿತು. ಬಹಳ ಸುತ್ತಿದ ಸಂದೇಶಕ್ಕೆ 2020ರಲ್ಲಿ ಒಂದೇ ಚಾಟ್‌ನ ಮಿತಿ ಬಂತು. ಇದರಿಂದ ಸುಳ್ಳಿನ ಓಟ ತಗ್ಗೀತು, ಸುಳ್ಳು ನಿಜವಾಗದು.

ಕಾನೂನಿನ ಕೈಗೂ ಮಿತಿಯಿದೆ, ಇರಲೂಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಸ್ಪಷ್ಟವಾಗಿದ್ದ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಿತು. ತನ್ನ ಕುರಿತ ಸುದ್ದಿಯ ಸತ್ಯಾಸತ್ಯವನ್ನು ತಾನೇ ಹೇಳಲು ಕೇಂದ್ರ ಯೋಜಿಸಿದ್ದ ಫ್ಯಾಕ್ಟ್‌ಚೆಕ್ ಘಟಕದ ನಿಯಮವನ್ನು ಬಾಂಬೆ ಹೈಕೋರ್ಟ್ 2024ರಲ್ಲಿ ಹೊಡೆದುಹಾಕಿತು. ಅಧಿಕಾರದಲ್ಲಿರುವವರೇ ಸತ್ಯದ ತಕ್ಕಡಿ ಹಿಡಿದರೆ ಅದು ಯಾವ ಕಡೆ ವಾಲೀತೆಂದು ಹೇಳಬೇಕಿಲ್ಲ.

ಹಾಗಾದರೆ ಹೊಣೆ ಯಾರದು? ಪತ್ರಿಕೆಯ ಪ್ರತಿ ಸಂಚಿಕೆಯಲ್ಲೂ ಸಂಪಾದಕರ ಹೆಸರು ಅಚ್ಚಾಗುತ್ತದೆ. ತಪ್ಪಾದರೆ ಕೇಳಲು ಒಬ್ಬರಿದ್ದಾರೆ. ಫಾರ್ವರ್ಡ್‌ಗೆ ಅಂಥ ಹೆಸರಿಲ್ಲ. ಆದರೆ ಪಡೆದವರು ನಂಬುವುದು ಕಳಿಸಿದ ಭಾವನನ್ನು, ಮೇಷ್ಟ್ರನ್ನು, ಸಹೋದ್ಯೋಗಿಯನ್ನು. ಆ ನಂಬಿಕೆಯ ಬಲದಿಂದಲೇ ಸುದ್ದಿ ಓಡುವಾಗ, ‘ಬಂದದ್ದನ್ನು ಕಳಿಸಿದೆ ಅಷ್ಟೆ’ ಎಂಬ ಮಾತು ನಿಲ್ಲುವುದಿಲ್ಲ. ಎಲ್ಲಿಯದು, ಯಾವಾಗಿನದು, ಹಿಂದುಮುಂದು ಏನಿತ್ತು ಎಂದು ಕೇಳುವುದು ಈಗ ಮೊಬೈಲ್ ಹಿಡಿದವರೆಲ್ಲರ ಕೆಲಸ. ತಪ್ಪು ತಿಳಿದ ಮೇಲೆ ಡಿಲೀಟ್ ಮಾಡಿ ಸುಮ್ಮನಾದರೂ ಸಾಲದು. ಸುಳ್ಳು ಹೋದ ಗುಂಪಿಗೇ, ಕಳಿಸಿದವರ ಹೆಸರಿನಲ್ಲೇ ತಿದ್ದುಪಡಿಯೂ ಹೋಗಬೇಕು.