ಬಾಗಿದ ಬೆನ್ನು ಬರಿಯ ಮುಪ್ಪಲ್ಲ

ವಯಸ್ಸಾದ ತಾಯಂದಿರ ಬೆನ್ನು ಬಾಗಿ ಎತ್ತರ ಕುಗ್ಗಿದರೆ ಅದನ್ನು ಮುಪ್ಪಿನ ಸಹಜ ಗುಣವೆಂದು ತಿಳಿದು ಸುಮ್ಮನಾಗುವುದು ರೂಢಿ. ಆದರೆ ಅನೇಕ ವೇಳೆ ಅದು ಬೆನ್ನೆಲುಬಿನ ಮಣಿಗಳು ಸದ್ದಿಲ್ಲದೆ ಕುಸಿದುದರ ಫಲ. ಇಂತಹ ಮುರಿತಗಳಲ್ಲಿ ಹೆಚ್ಚಿನವು ವೈದ್ಯರ ಗಮನಕ್ಕೇ ಬರುವುದಿಲ್ಲ. ಮೂಳೆಯ ಸಾಂದ್ರತೆ ತಗ್ಗಿ ಅದು ಒಳಗೊಳಗೇ ಟೊಳ್ಳಾಗುವ ಈ ಸ್ಥಿತಿಯೇ ಅಸ್ಥಿರಂಧ್ರತೆ, ಅಂದರೆ ಆಸ್ಟಿಯೋಪೊರೋಸಿಸ್.

ಜನರು ಇದನ್ನು ‘ಮೂಳೆ ಸವೆತ’ ಎನ್ನುತ್ತಾರೆ. ಮೊಣಕಾಲಿನ ಕೀಲುನೋವಿಗೂ ಅದೇ ಹೆಸರು. ಇದರಿಂದ ಆಗಿರುವ ಗೊಂದಲ ಸಣ್ಣದಲ್ಲ. ಕೀಲಿನ ಸವೆತ ನೋವಿನಿಂದ ತನ್ನನ್ನು ತೋರಿಸಿಕೊಳ್ಳುತ್ತದೆ; ಅಸ್ಥಿರಂಧ್ರತೆಯಾದರೋ ಮೂಳೆ ಮುರಿಯುವವರೆಗೂ ಮೌನವಾಗಿರುತ್ತದೆ. ನಿಂತ ನಿಲುವಿನಲ್ಲಿ ಜಾರಿಬಿದ್ದು ಮಣಿಕಟ್ಟು ಮುರಿದರೆ ಪಟ್ಟಿ ಹಾಕಿಸಿಕೊಂಡು ಮರೆತುಬಿಡುತ್ತೇವೆ. ಐವತ್ತು ದಾಟಿದವರಲ್ಲಿ ಆ ಮೊದಲ ಮುರಿತವೇ ಎಚ್ಚರಿಕೆ. ಚಿಕಿತ್ಸೆ ಆಗಲೇ ಆರಂಭವಾದರೆ ಮುಂದೆ ತೊಡೆಯ ಸಂದಿನ ಮೂಳೆ ಮುರಿದು ಹಾಸಿಗೆ ಹಿಡಿಯುವ ಸಂಭವವನ್ನು ಬಹುಮಟ್ಟಿಗೆ ತಗ್ಗಿಸಬಹುದು.

ಮೂಳೆ ಜಡವಸ್ತುವಲ್ಲ. ಹಳೆಯದು ಕರಗುತ್ತ, ಹೊಸದು ಕೂಡುತ್ತ ಇರುತ್ತದೆ. ಸುಮಾರು ಮೂವತ್ತರ ವೇಳೆಗೆ ಅದರ ಸಂಚಯ ಗರಿಷ್ಠವಾಗುತ್ತದೆ. ಮುಟ್ಟು ನಿಂತು ಈಸ್ಟ್ರೊಜೆನ್ ಇಳಿದೊಡನೆ ಕರಗುವ ವೇಗ ಹೆಚ್ಚುತ್ತದೆ. ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶದೊಡನೆ ಅಂಡಾಶಯಗಳನ್ನೂ ತೆಗೆಸಿಕೊಂಡವರಿಗೆ ಈ ನಷ್ಟ ಬಹಳ ಮೊದಲೇ ತೊಡಗುತ್ತದೆ. ನಮ್ಮ ಹಳ್ಳಿಗಳಲ್ಲಿ ಇಂಥವರಿದ್ದಾರೆ. ಉಬ್ಬಸಕ್ಕೋ ಸಂಧಿವಾತಕ್ಕೋ ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗುವವರು, ಧೂಮಪಾನ-ಮದ್ಯಪಾನದ ಚಟವುಳ್ಳ ಪುರುಷರು ಕೂಡ ಇದರಿಂದ ಹೊರತಲ್ಲ.

ಮುಟ್ಟು ನಿಂತ ಸ್ತ್ರೀಗೆ ದಿನಕ್ಕೆ ಸುಮಾರು 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚಿದೆ. ಅಷ್ಟೇ ಜೋಳದಲ್ಲಿ ಅದರ ಹತ್ತನೆಯ ಒಂದಂಶವೂ ಇಲ್ಲ. ಹಾಗೆಂದು ರೊಟ್ಟಿ ಬಿಡಬೇಕಾಗಿಲ್ಲ, ಜೊತೆಗೆ ಮೊಸರು, ಸಿಪ್ಪೆ ಸಹಿತ ಎಳ್ಳಿನ ಚಟ್ನಿಪುಡಿ, ನುಗ್ಗೆಸೊಪ್ಪು ಇದ್ದರಾಯಿತು. ಕ್ಯಾಲ್ಸಿಯಂ ಮೈಗೆ ಹತ್ತಲು ಡಿ ಜೀವಸತ್ವ ಅಗತ್ಯ. ಅದು ಬಿಸಿಲಿನಿಂದ ದೊರೆಯುತ್ತದೆ. ಆದರೆ ಗಾಜಿನ ಕಿಟಕಿಯ ಒಳಗೆ ಕುಳಿತು ಕಾಯಿಸಿಕೊಂಡ ಬಿಸಿಲು ಇದಕ್ಕೆ ಒದಗದು. ನಡಿಗೆ, ಮೆಟ್ಟಿಲು ಹತ್ತುವುದು ಮೂಳೆಗೆ ಬಲ. ಈಗಾಗಲೇ ಮೂಳೆ ತೆಳುವಾದವರು ಮುಂದಕ್ಕೆ ಬಹಳ ಬಾಗುವ ಆಸನಗಳನ್ನು ಮಾಡಬಾರದು. ಬಚ್ಚಲಿನ ಪಾಚಿ ತೆಗೆದು ಹಿಡಿಕೆ ಹಾಕಿಸುವುದು ಔಷಧಕ್ಕಿಂತ ಕಡಿಮೆಯದಲ್ಲ.

ಪತ್ತೆಗೆ ಡೆಕ್ಸಾ ಎಂಬ ಸರಳ, ನೋವಿಲ್ಲದ ಪರೀಕ್ಷೆಯಿದೆ. ಅದರ ಟಿ-ಅಂಕ ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಅಸ್ಥಿರಂಧ್ರತೆ ಎಂದರ್ಥ. ರೋಗ ನಿಶ್ಚಿತವಾದ ಮೇಲೆ ಕ್ಯಾಲ್ಸಿಯಂ ಮಾತ್ರೆಯೊಂದೇ ಸಾಲದು. ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್, ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಜೊಲೆಡ್ರೊನಿಕ್ ಆಮ್ಲ ಮುಂತಾದವನ್ನು ವೈದ್ಯರು ಸೂಚಿಸುತ್ತಾರೆ. ಅಲೆಂಡ್ರೊನೇಟನ್ನು ಬೆಳಗ್ಗೆ ಬರಿಹೊಟ್ಟೆಯಲ್ಲಿ ಒಂದು ಲೋಟ ನೀರಿನೊಡನೆ ನುಂಗಿ, ಅರ್ಧ ಗಂಟೆ ಮಲಗದೆ, ಚಹಾ ಸಹ ಕುಡಿಯದೆ ಇರಬೇಕು. ಇಲ್ಲವಾದರೆ ಅನ್ನನಾಳ ಹುಣ್ಣಾದೀತು, ಔಷಧವೂ ಮೈಗೆ ಹತ್ತದು. ಆರು ತಿಂಗಳಿಗೊಮ್ಮೆ ಪಡೆಯುವ ಡೆನೊಸುಮ್ಯಾಬ್ ಚುಚ್ಚುಮದ್ದನ್ನಂತೂ ತಾವಾಗಿ ನಿಲ್ಲಿಸಲೇಬಾರದು. ಹಾಗೆ ನಿಲ್ಲಿಸಿದವರಲ್ಲಿ ಬೆನ್ನೆಲುಬಿನ ಹಲವು ಮಣಿಗಳು ಒಮ್ಮೆಲೇ ಮುರಿದ ಉದಾಹರಣೆಗಳಿವೆ.